ಕಪ್ತಾನನ ತೀರ್ಪು

ಅಪ್ಪ ಮೊದಲ ಬಾರಿಗೆ ಒಂದು ಪುಸ್ತಕದ ಬೈಂಡಿಂಗನ್ನು ಪೂರ್ತಿ ನನಗೆ ಬಿಟ್ಟಿದ್ದರು. ಅದು ನೂರು ವರ್ಷ ಹಳೆಯ ಸಮುದ್ರಯಾನದ ಪುಸ್ತಕ. ಹಿಂದೆ ಅದು ಒಬ್ಬ ಕಪ್ತಾನನದಾಗಿತ್ತು. ಅದರಲ್ಲಿನ ಪ್ರತಿ ಯಾನದ ಕಥೆಯ ಕೊನೆಗೂ ಅವನು ಓರೆ ಅಕ್ಷರದಲ್ಲಿ ಆ ಹಡಗು ಕಟ್ಟಿದವನ ಬಗ್ಗೆ ತೀರ್ಪು ಬರೆದಿದ್ದ: ‘ಕಟ್ಟಿದವನು ಕಳ್ಳ’, ‘ಕಟ್ಟಿದವನು ಕುಡುಕ’.

ಹೊಲಿಯುವಾಗ ದಾರ ಮತ್ತೆ ಮತ್ತೆ ಒದ್ದೆಯಾಗುತ್ತಿತ್ತು. ಹಲ್ಲಿನಿಂದ ಕಡಿದರೆ ಉಪ್ಪು. ಆದರೂ ಒಂದು ಹೊಲಿಗೆಯನ್ನೂ ಸಡಿಲ ಬಿಡಲಿಲ್ಲ. ಕೊನೆಗೆ ಹೊಸ ಖಾಲಿ ಹಾಳೆ ಅಂಟಿಸಿ, ಭಾರ ಹೇರಿ, ಊಟಕ್ಕೆ ಹೋದೆ.

ಬಂದಾಗ ಅಪ್ಪ ಪುಸ್ತಕ ತೆರೆದು ನಿಂತಿದ್ದರು.

“ಏನೇ, ಕೆಲಸಾನೂ ನಿಂದೇ, ಶಭಾಷ್‌ಗಿರಿನೂ ನಿಂದೇನಾ?”

ನನ್ನ ಹೊಸ ಹಾಳೆಯ ಮೇಲೆ ಕಪ್ತಾನನ ಅದೇ ಓರೆ ಅಕ್ಷರ, ಅದೇ ಮಾಸಿದ ಶಾಯಿ: ‘ಕಟ್ಟಿದವಳ ಕೈ ಗಟ್ಟಿ. ನೀರು ಒಳಬರದು.’

“ಕಿತ್ತು ಬೇರೆ ಹಾಕು.”

“ಹಾಕಲ್ಲ ಅಪ್ಪಾ.”

ಈವರೆಗೆ ನನ್ನ ಕೆಲಸವನ್ನು ಹೊಗಳಿದ್ದು ಆ ಕೈ ಒಂದೇ.