ಐದು ಪದಕ್ಕೆ ಬಿಚ್ಚಿದ ಹೆಬ್ಬಾವು

ಬಹಳ ಬಹಳ ಹಿಂದೆ, ಮಾತಿಗೆ ಎಂದೂ ಬರವಿಲ್ಲದ ಉದ್ದಾಮಪುರ ಎಂಬ ರಾಜ್ಯವಿತ್ತು. ಅಲ್ಲಿ ಪಕ್ಕದ ಮನೆಯಲ್ಲಿ ಉಪ್ಪು ಕೇಳಬೇಕಾದರೂ ಮೊದಲು ರಾಜನ ಇಪ್ಪತ್ತೊಂದು ಬಿರುದು ಹೇಳಬೇಕು, ಆಮೇಲೆ ಉಪ್ಪು. ಅಷ್ಟರಲ್ಲಿ ಸಾರು ಆರಿರುತ್ತಿತ್ತು. ಯಾರಿಗೂ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜಂಬುಕಾಕ್ಷನೆಂಬ ಮಾಂತ್ರಿಕ ಬಂದ. ಊರಿಗೆ ಇದ್ದದ್ದು ಒಂದೇ ಕೊಳ. ಅದರ ಸುತ್ತ ತನ್ನ ಹೆಬ್ಬಾವನ್ನು ಮೂರು ಸುತ್ತು ಸುತ್ತಿಸಿದ. ನೀರಿಗೆ ಇಳಿದಿದ್ದ ಬಕುಳೆ ಎಂಬ ಹುಡುಗಿ ಒಳಗೇ ಸಿಕ್ಕಿಬಿದ್ದಳು.

"ಹಾವಿನ ಮುಂದೆ ನಿಂತು ಐದೇ ಪದದಲ್ಲಿ ಎದೆಯೊಳಗಿನದನ್ನು ಹೇಳಿ, ಒಂದು ಸುತ್ತು ಬಿಚ್ಚುತ್ತದೆ," ಎಂದ ಮಾಂತ್ರಿಕ. "ಐದು ದಾಟಿದರೆ ಹಾವು ಪದಕ್ಕೊಂದು ಗೇಣು ಬೆಳೆಯುತ್ತದೆ. ಒಬ್ಬರಿಗೆ ಒಂದೇ ಸಲ. ಮೂರೂ ಬಿಚ್ಚಿದರೆ ನಾನು ಸೋತೆ."

ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ಈ ಊರು ಗೊತ್ತಿತ್ತು.

ಮೊದಲು ಆಸ್ಥಾನ ಕವಿ ಹೋದ. ಪೀಠಿಕೆಗೇ ನೂರು ಪದ್ಯ ಹಾಡಿದ. "ತಾಳಿ, ಹುಡುಗಿಯ ವಿಷಯ ಎರಡನೆಯ ಸರ್ಗದಲ್ಲಿ ಬರುತ್ತದೆ," ಎನ್ನುತ್ತಿದ್ದವನನ್ನು ತೋಳು ಹಿಡಿದು ಎಳೆತಂದರು. ಆಮೇಲೆ ಮಂತ್ರಿ, ಆಮೇಲೆ ಸೇನಾಪತಿ. ಹಾವು ಕೋಟೆಯ ಬುರುಜಿನಂತೆ ಉಬ್ಬಿತು. ಬಕುಳೆಗೆ ನಿಲ್ಲಲು ಕೊಳದ ಒಂದೇ ಒಂದು ಮೆಟ್ಟಿಲು ಉಳಿಯಿತು.

ಬಕುಳೆಯ ಅಕ್ಕ ಸುರಗಿ ಹೂ ಕಟ್ಟುವವಳು. ದಾರ ವ್ಯರ್ಥ ಮಾಡುವುದು ಅವಳ ಕೈಗೆ ಒಗ್ಗದ ಕೆಲಸ. ನೇರ ಹೋಗಿ ಹಾವಿನ ಮುಂದೆ ಎಡಗೈ ಬಿಚ್ಚಿ ಹಿಡಿದು ನಿಂತಳು. ಒಂದೊಂದೇ ಬೆರಳು ಮಡಿಸುತ್ತ ಹೇಳಿದಳು:

"ಮಲ್ಲಿಗೆ ಬಾಡಿತು.
ತಂಗಿ ಇನ್ನೂ ಬಂದಿಲ್ಲ."

ಹಾವು ಕಣ್ಣು ಮುಚ್ಚಿತು. ಒಂದು ಸುತ್ತು ಧೊಪ್ಪನೆ ಬಿಚ್ಚಿಬಿತ್ತು.

ಮಾಂತ್ರಿಕನ ನಗು ನಿಂತಿತು. "ನಿನ್ನ ಸರದಿ ಮುಗೀತು. ಇನ್ನಿಬ್ಬರು ಕವಿಗಳನ್ನು ಎಲ್ಲಿಂದ ತರ್ತೀಯೆ?"

"ಕವಿಗಳು ಯಾಕೆ? ಊರೇ ಇದೆಯಲ್ಲ!" ಎಂದು ಸುರಗಿ ಪೇಟೆಗೆ ನಡೆದಳು.

"ಬನ್ನಿ, ನೀವೂ ಐದು ಪದ ಕಟ್ಟಿ ನೋಡಿ," ಎಂದು ಅಂಗಡಿ ಅಂಗಡಿಗೂ ಹೋಗಿ ಕರೆದಳು. ಕೆಲವರು ನಕ್ಕರು. ಕೆಲವರು ಬಾಗಿಲು ಹಾಕಿಕೊಂಡರು. ಅವಳು ಮುಂದಿನ ಬಾಗಿಲು ತಟ್ಟಿದಳು.

"ಅಯ್ಯೋ ತಾಯಿ, ಕೈಯೆಲ್ಲ ಮಣ್ಣು," ಎಂದಳು ಕುಂಬಾರ ಕೆಂಚಮ್ಮ. "ಕಾವ್ಯ ಗೀವ್ಯ ನಮಗೆಲ್ಲಿ ಬರಬೇಕು?"

"ಮಣ್ಣಾದರೇನು, ಬೆರಳು ಮಡಿಸೋಕೆ ಬರುತ್ತಲ್ಲ. ಬೆರಳಿಗೊಂದು ಪದ. ಇವತ್ತು ಬೆಳಿಗ್ಗೆ ಏನು ನೋಡಿದೆ, ಅದನ್ನೇ ಹೇಳು ಕೆಂಚಮ್ಮ."

ಕೆಂಚಮ್ಮ ರೂಢಿಯಂತೆ ಬಿರುದುಗಳಿಂದ ಶುರುಮಾಡಿದಳು. ಸುರಗಿ ತಡೆದಳು. ಮತ್ತೆ ಶುರು, ಮತ್ತೆ ತಡೆ. ಜನ ಸುತ್ತ ನೆರೆದರು, ತಾವೂ ತುಟಿಯಲ್ಲೇ ಎಣಿಸತೊಡಗಿದರು.

"ನಂದು ಹದಿನೇಳಾಯ್ತು ಕಣವ್ವ," ಎಂದ ಎಲೆ ಮಾರುವ ಸಿದ್ಲಿಂಗ. "ಕಾಲಿನ ಬೆರಳೂ ಸೇರಿಸ್ಲಾ?"

"ಸೇರಿಸಬೇಡ, ಕೀಳು. ಯಾವ ಪದ ಕಿತ್ತರೂ ಕೆಡೋದಿಲ್ಲವೋ ಅದನ್ನ ಮೊದಲು ಕೀಳು."

ಮರುದಿನ ಕೆಂಚಮ್ಮ ಹಾವಿನ ಮುಂದೆ ನಿಂತಳು.

"ಕೊಡ ಹೊಸದು.
ಒಳಗೆ ಬರೀ ಗಾಳಿ."

ಎರಡನೆಯ ಸುತ್ತು ಬಿಚ್ಚಿಬಿತ್ತು. ಕೆಂಚಮ್ಮ ತನ್ನ ಕೈಯನ್ನೇ ಹೊಸದಾಗಿ ನೋಡುವಂತೆ ನೋಡಿಕೊಂಡಳು.

ಮೂರನೆಯ ದಿನ ಸಿದ್ಲಿಂಗ ಇನ್ನೂ ಏಳು ಪದದಲ್ಲೇ ಇದ್ದ. ಅಷ್ಟರಲ್ಲಿ, ಈ ಗೌಜು ಏನೆಂದು ನೋಡಲು ರಾಜ ಚಿತ್ರಬಾಹು ಪಲ್ಲಕ್ಕಿಯಲ್ಲಿ ಬಂದ. ಮುಂದೆ ಓಡುತ್ತಿದ್ದ ಭಟ್ಟಂಗಿ ಹಾವಿನ ಎದುರಿಗೇ ಬಿರುದು ಕೂಗತೊಡಗಿದ. ಹಾವು ಸರಸರನೆ ಬೆಳೆಯಿತು. ಮೆಟ್ಟಿಲ ಮೇಲೆ ಬಕುಳೆ ಒಂಟಿಕಾಲಿನಲ್ಲಿ ನಿಂತಳು.

"ಬಾಯಿ ಮುಚ್ಚಿಸಿ ಬುದ್ಧೀ! ನನ್ನ ತಂಗಿ ಸಾಯ್ತಾಳೆ!" ಎಂದು ಸುರಗಿ ಕಿರುಚಿದಳು.

ರಾಜ ಪಲ್ಲಕ್ಕಿಯಿಂದ ಹಾರಿ ಭಟ್ಟಂಗಿಯ ಬಾಯಿಗೆ ಅಡ್ಡ ಕೈ ಇಟ್ಟ. ಹಾವು ಬೆಳೆಯುವುದು ನಿಂತಿತು. ಹಾವು ರಾಜನ ಕಡೆ ತಲೆ ಹೊರಳಿಸಿತು.

"ಈಗ ನಿಮ್ಮ ಸರದಿ," ಎಂದಳು ಸುರಗಿ.

"ನಾನೇ? ನನಗೆ ಅಭ್ಯಾಸವಿಲ್ಲ."

"ಇಲ್ಲಿ ಯಾರಿಗಿತ್ತು, ಬುದ್ಧಿ? ಕಟ್ಟಿ ನೋಡಿ."

ರಾಜ ಉಂಗುರಗಳನ್ನು ಕಳಚಿದ, ಬೆರಳು ಮಡಿಸಲು ಅಡ್ಡವಾಗುತ್ತಿದ್ದವು. ಬಾಯಾರಿದ ಜನರನ್ನು ನೋಡಿದ. ಒಂಟಿಕಾಲಿನ ಹುಡುಗಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ:

"ನೀರು ಕೇಳಿದರು.
ನಾನು ಬಿರುದು ಕೊಟ್ಟೆ."

ಮೂರನೆಯ ಸುತ್ತು ಬಿಚ್ಚಿತು.

ಜಂಬುಕಾಕ್ಷ ಗಾಬರಿಯಿಂದ, ಹಾವನ್ನು ಮತ್ತೆ ಸುತ್ತಿಸುವ ಸಾವಿರ ಸಾಲಿನ ಮಂತ್ರ ಶುರುಮಾಡಿದ. ಹತ್ತನೆಯ ಸಾಲಿಗೆ ಬರುವಷ್ಟರಲ್ಲಿ ಹೆಬ್ಬಾವು ಕೇರೆಹಾವಿನಷ್ಟಾಗಿ ಬೇಲಿಯೊಳಗೆ ನುಸುಳಿ ಹೋಗಿತ್ತು. ಅದರ ಜೊತೆ ಅವನ ಮಾಯೆಯೂ ಹೋಯಿತು. ಅವನು ಭತ್ತದ ಹೊಟ್ಟಿನಂತೆ ಗಾಳಿಗೆ ಹಾರಿಹೋದ.

ಅಂದಿನಿಂದ ಉದ್ದಾಮಪುರದಲ್ಲಿ ನೀರಿಗೂ ಬರವಿಲ್ಲ, ನೆಮ್ಮದಿಗೂ ಬರವಿಲ್ಲ. ಸಂಜೆ ಕೊಳದ ಕಟ್ಟೆಯಲ್ಲಿ ಜನ ಒಬ್ಬರನ್ನೊಬ್ಬರು ಕರೆದು ಕೂರಿಸಿ ಐದೈದು ಪದದ ಪದ್ಯ ಕಟ್ಟುತ್ತಿದ್ದರು. ಕೆಟ್ಟದ್ದೂ ಬರುತ್ತಿತ್ತು, ಬೇಗ ಮುಗಿಯುತ್ತಿತ್ತು.

ಬಕುಳೆ ಆ ದಿನ ಅಕ್ಕನ ಕುತ್ತಿಗೆಗೆ ಜೋತುಬಿದ್ದವಳು, ಮನೆ ಮುಟ್ಟುವವರೆಗೂ ಒಂದೇ ಉಸಿರಿಗೆ ಮಾತಾಡುತ್ತಲೇ ಇದ್ದಳು. ಯಾರೂ ಎಣಿಸಲಿಲ್ಲ.