ಮೈಕ್ ಹಿಡಿದರೆ ತಗ್ಗುವ ಹಾಡು

"ಹಾಡು ಕಡಿಮೆ ಮಾಡ್ರಿ ಅಂತ ಅವಾಗಿಂದ ಕೈ ಮಾಡ್ತಾ ಇದ್ದೀನಿ. ಕಣ್ಣು ಕಾಣಲ್ವ ನಿಮಗೆ?"

ಹೊಸದುರ್ಗದ ಮೈದಾನದಲ್ಲಿ ಹುಡುಗಿಯರ ಕಬಡ್ಡಿ ಪಂದ್ಯಾವಳಿಯ ಮೊದಲ ದಿನ. ಮೈಕ್ ಹಿಡಿದು ರೇಗುತ್ತಿದ್ದವಳು ತುರುವನೂರಿನ ಯಶೋದಾ, ಶಾಲೆಯೊಂದರ ಪಿ.ಟಿ. ಟೀಚರ್. ಹಿಂದೆ ಒಳ್ಳೆಯ ರೈಡರ್. ಮಂಡಿ ಕೈಕೊಟ್ಟ ಮೇಲೆ ಆಟವನ್ನು ಬಾಯಲ್ಲೇ ಆಡುತ್ತಿದ್ದಳು.

ಬೈಸಿಕೊಂಡವನು ಐಮಂಗಲದ ಜುಂಜೇಶ್. ಸೌಂಡ್ ಸಿಸ್ಟಮ್ ಅವನದು. ಅವನ ಲ್ಯಾಪ್‌ಟಾಪಿನ ಹಾಡುಗಳಲ್ಲಿ ಅವಳ ಕಾಮೆಂಟರಿ ಬೆಳಗಿನಿಂದ ಮುಳುಗಿಹೋಗುತ್ತಿತ್ತು. ಬೇಕೆಂದೇ ಕಾಡಿಸುತ್ತಿದ್ದಾನೆ ಎಂದುಕೊಂಡಿದ್ದಳು.

"ಕಾಣ್ತೈತೆ ಮೇಡಂ. ಆಟ ನೋಡ್ತಾ ಮರ್ತೋಗ್ತೈತೆ," ಎಂದ ಜುಂಜೇಶ್.

ಅವನ ಕುರ್ಚಿ ಆಟದ ಅಂಕಣದ ಕಡೆಗಿರಲಿಲ್ಲ. ಅವಳ ಕಡೆಗಿತ್ತು. ಯಶೋದಾ ಅದನ್ನು ಗಮನಿಸಿದಳು.

ಮರುದಿನ ಬೆಳಿಗ್ಗೆ ಅವನೇ ಮೈಕ್ ತಂದು ಕೊಟ್ಟ. "ಒಂದ್ಸಲ ಮಾತಾಡಿ ನೋಡ್ರಿ."

"ಏನಂತ?"

ಅಷ್ಟಕ್ಕೇ ಅಬ್ಬರಿಸುತ್ತಿದ್ದ ಹಾಡು ಮೆಲ್ಲಗಾಯಿತು. ಅವಳು ಸುಮ್ಮನಾದಳು, ಹಾಡು ಮತ್ತೆ ಎದ್ದಿತು. "ಅರೆ!" ಎಂದಳು. ಮತ್ತೆ ತಗ್ಗಿತು. ಯಶೋದಾಳಿಗೆ ನಗು ತಡೆಯಲಾಗಲಿಲ್ಲ.

"ಕಂಪ್ಯೂಟರಲ್ಲಿ ಸೆಟಿಂಗ್ ಮಾಡೀನಿ. ಮೈಕಿಗೆ ನಿಮ್ಮ ದನಿ ಬಿದ್ರೆ ಸಾಕು, ಹಾಡು ತಾನೇ ತಗ್ಗತೈತೆ. ನಾನು ಕೈ ಹಚ್ಚಂಗೇ ಇಲ್ಲ."

"ಹಂಗಾದ್ರೆ ನಿಮಗೇನು ಕೆಲಸ?"

ಜುಂಜೇಶ್ ಸರಿಯಾಗಿಯೇ ಇದ್ದ ವೈರನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ. ಅವನ ಕಿವಿ ಕೆಂಪಾಗಿತ್ತು.

ಅಂದು ಅವಳ ಮಾತು ಮೈದಾನದ ಮೂಲೆಮೂಲೆಗೂ ತಲುಪಿತು. ಗಂಟಲು ಒಣಗುವ ಹೊತ್ತಿಗೆ ಬಿಸಿನೀರಿನ ಲೋಟ ಬಂದಿರುತ್ತಿತ್ತು. ಜುಂಜೇಶ್ ಅದನ್ನು ತಂದಿಟ್ಟು ಒಮ್ಮೆ ನಕ್ಕು ಹೋಗುತ್ತಿದ್ದ. ಆ ನಗುವಿಗೆ ಎಡಗೆನ್ನೆಯಲ್ಲೊಂದು ಸಣ್ಣ ಗುಳಿ.

ಫೈನಲ್‌ಗೆ ಮುಂಚೆ ಬಿಡುವು. ಹಾಡು ಕಿವಿ ಕಿತ್ತುಹೋಗುವಷ್ಟು ಜೋರಾಗಿತ್ತು. ಈ ಗದ್ದಲದಲ್ಲಿ ಯಾರಿಗೆ ಕೇಳಿಸೀತು ಎಂದು ಯಶೋದಾ, ಪಕ್ಕದಲ್ಲಿ ಸ್ಕೋರ್ ಬರೆಯುತ್ತಿದ್ದ ಗೆಳತಿ ಉಷಾರಾಣಿಯ ಕಿವಿಗೆ ಬಾಗಿದಳು. ಕೈಯಲ್ಲಿದ್ದ ಮೈಕ್ ಆನ್ ಆಗಿಯೇ ಇತ್ತು.

ಹಾಡು ತಟ್ಟನೆ ತಗ್ಗಿತು.

"ಆ ಜುಂಜೇಶ್ ನಕ್ರೆ ನಂಗೆ ಸ್ಕೋರೇ ಮರ್ತೋಗ್ತೈತೆ ಕಣೆ!"

ನಾಲ್ಕೂ ಸ್ಪೀಕರುಗಳಲ್ಲಿ ಮಾತು ಮೊಳಗಿತು. ಮೈದಾನಕ್ಕೆ ಮೈದಾನವೇ ಹೋ ಎಂದಿತು. ಮುಂದೆ ಕೂತಿದ್ದ ಅವಳ ಶಾಲೆಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಯಶೋದಾ ಮೈಕ್ ಮೇಜಿನ ಮೇಲೆ ಹಾಕಿ, ಜುಂಜೇಶನತ್ತ ತಿರುಗಿಯೂ ನೋಡದೆ, ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗಿ ನಿಂತಳು. ಕಣ್ಣು ತುಂಬಿತ್ತು. ನಾಳೆ ಶಾಲೆಗೆ ಯಾವ ಮುಖ ಹೊತ್ತು ಹೋಗುವುದು?

ಆಗ ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು.

"ಈ ಸೆಟಿಂಗ್ ಮಾಡ್ದೋನು ನಾನು, ಜುಂಜೇಶ. ನಗೋದಾದ್ರೆ ನನ್ನ ನೋಡಿ ನಗ್ರಿ. ಈಗ ಫೈನಲ್, ಹೊಳಲ್ಕೆರೆಗೂ ಹಿರಿಯೂರಿಗೂ. ನಂಗೆ ಕಬಡ್ಡಿ ಬರಲ್ಲ, ಆದ್ರೂ ಹೇಳ್ತೀನಿ... ಹೊಳಲ್ಕೆರೆಯ ಕೆಂಪು ಅಂಗಿ ಅಕ್ಕ ಒಳಗೆ ಹೋದ್ರು. ಮುಟ್ಟಿದ್ರು. ಯಾರನ್ನ ಮುಟ್ಟಿದ್ರೋ ಗೊತ್ತಾಗ್ಲಿಲ್ಲ. ಹಿರಿಯೂರಿನೋರು ಕಾಲು ಹಿಡ್ಕಂಡ್ರು... ಅಯ್ಯೋ, ಬಿಡ್ರಿ ಅವ್ರನ್ನ, ಬಿದ್ದುಬಿಡ್ತಾರೆ!"

ಜನ ಬಿದ್ದು ಬಿದ್ದು ನಗತೊಡಗಿದರು. ಈ ಸಲ ಅವಳನ್ನು ನೋಡಿ ಅಲ್ಲ. ನಡುಗುವ ದನಿಯಲ್ಲಿ ಅವನು ತಪ್ಪುತಪ್ಪಾಗಿ ಹೇಳುತ್ತಲೇ ಹೋದ. ಯಶೋದಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಅಳು ಯಾವಾಗಲೋ ನಗುವಾಗಿತ್ತು. ಬೋನಸ್ ಪಾಯಿಂಟನ್ನು ಅವನು ಫೌಲ್ ಎಂದಾಗ ಇನ್ನು ತಡೆಯಲಾಗದೆ ಓಡಿಬಂದು ಮೈಕ್ ಕಿತ್ತುಕೊಂಡಳು.

"ಅದು ಬೋನಸ್ ರೀ! ಹಿರಿಯೂರಿಗೆ ಒಂದು ಪಾಯಿಂಟ್!"

ಚಪ್ಪಾಳೆ ಬಿತ್ತು. ಶಾಲೆಯ ಹುಡುಗಿಯರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವಳು ಅಂಥ ಕಾಮೆಂಟರಿ ಹಿಂದೆಂದೂ ಹೇಳಿರಲಿಲ್ಲ. ಹಿರಿಯೂರು ಗೆದ್ದಿತು.

ಬಿಸಿಲು ಇಳಿಯಿತು, ಜನ ಕರಗಿದರು. ಜುಂಜೇಶ್ ವೈರು ಸುತ್ತುತ್ತಿದ್ದ. ಯಶೋದಾ ಎದುರು ಬಂದು ನಿಂತಳು.

"ಪಾಪ ಅಂತ ಮೈಕ್ ಹಿಡಿದ್ರಾ?"

"ಪಾಪ ಅಂತಲ್ಲ. ನೀವು ಹಂಗೆ ತಲೆ ತಗ್ಗಿಸ್ಕಂಡು ಹೋಗಿದ್ದು ನೋಡಕ್ಕಾಗ್ಲಿಲ್ಲ."

"ಅಷ್ಟೇನಾ? ನಾನು ಹೇಳಿದ್ದು ಇಡೀ ಊರಿಗೆ ಕೇಳಿಸ್ತು. ನಿಮ್ಮ ಮನಸ್ಸಲ್ಲಿರೋದು ನಂಗೊಬ್ಳಿಗಾದ್ರೂ ಕೇಳಿಸ್ಬಾರ್ದಾ?"

ಅವನು ವೈರು ಕೆಳಗಿಟ್ಟ. ಅವಳ ಕಣ್ಣನ್ನೇ ನೋಡಿ, ತಡವರಿಸದೆ ಹೇಳಿದ. "ನೀವಂದ್ರೆ ನಂಗಿಷ್ಟ ಯಶೋದಾ. ಒಪ್ಪೋದಾದ್ರೆ ನಿಮ್ಮಪ್ಪನ್ನ ಕೇಳಕ್ಕೆ ಬರ್ತೀನಿ."

"ಬರ್ರಿ," ಎಂದಳು. ಅವಳ ದನಿ ಅವಳಿಗೇ ಕೇಳಿಸದಷ್ಟು ಮೆಲ್ಲಗಿತ್ತು. ಅವನಿಗೆ ಕೇಳಿಸಿತು. ಗುಳಿ ಬೀಳುವಂತೆ ನಕ್ಕ.

"ನಾನು ಬಸ್ಸಿಗೆ ಹೋಗ್ತೀನಪ್ಪ!" ಎಂದು ದೂರದಿಂದಲೇ ಕೂಗಿ ಉಷಾರಾಣಿ ಹೊರಟೇಬಿಟ್ಟಳು.

ಜುಂಜೇಶ್ ತನ್ನ ವ್ಯಾನಿನ ಮುಂದಿನ ಬಾಗಿಲು ತೆರೆದು ನಿಂತ. "ಹತ್ರಿ, ಮನೆ ತಂಕ ಬಿಡ್ತೀನಿ."

"ನೀವು ಹೋಗೋದು ಐಮಂಗಲಕ್ಕೆ. ತುರುವನೂರು ನಿಮ್ಮ ದಾರೀಲಿ ಬರಲ್ವಲ್ಲ?"

"ಇವತ್ತಿಂದ ಬರ್ತೈತೆ."