ಆರದ ಅಂಗಿ

“ಈ ಬೋಗಿಯೊಳಗಿರೋ ಬಟ್ಟೆಯೆಲ್ಲ ಇನ್ನು ನಿನ್ನ ಪಾಲಿಗೆ. ಒಗಿ, ಹರಿ, ಹೊಲಿ, ಯಾರೂ ಕೇಳಲ್ಲ. ಆ ನೀಲಿ ಅಂಗಿ ಮಾತ್ರ ಬೇಡ. ಅದನ್ನ ನೀರಿಗೆ ಹಾಕಬೇಡ. ಅದರ ಹೊಲಿಗೆ ಬಿಚ್ಚಬೇಡ.”

ದೊಡ್ಡಮ್ಮ ಇದನ್ನು ಹೇಳಿದ್ದು ಬಾಗಿಲ ಹೊರಗೆ ನಿಂತು. ಸರ್ಕಸ್ಸಿನ ಯಜಮಾನನ ತಾಯಿ ಅವಳು. ಮಾವುತನಿಂದ ಹಿಡಿದು ಬ್ಯಾಂಡಿನವರವರೆಗೆ ಎಲ್ಲರಿಗೂ ದೊಡ್ಡಮ್ಮ. ಹೊಸದಾಗಿ ಸೇರಿದ ಹೊಲಿಗೆಯವಳ ಕಣ್ಣು ಅಷ್ಟರಲ್ಲೇ ಮುದುಕಿಯ ರವಿಕೆ ತೋಳಿನ ತೇಪೆಯ ಮೇಲೆ ಹೋಗಿತ್ತು. ಹೊಲಿಗೆ ಸೊಗಸಾಗಿತ್ತು, ಆದರೆ ಎಡಕ್ಕೆ ವಾಲಿತ್ತು. ಎಡಗೈಯವರ ಕೆಲಸ.

“ಬಿಚ್ಚಿದ್ರೆ ಏನಾಗುತ್ತೆ?”

“ಅದಕ್ಕೆ ಶಾಪ ಇದೆ.”

ಹೊಲಿಗೆಯವಳು ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ನಕ್ಕಳು. “ಕೊಳೆಗೆ ಶಾಪ ಅಂತ ಹೆಸರಿಟ್ರೆ ಸೋಪು ಉಳಿಯುತ್ತೆ ಬಿಡಿ, ದೊಡ್ಡಮ್ಮ.”

ಮುದುಕಿ ಸಿಟ್ಟಾಗಲಿಲ್ಲ. ಸಂತೆಯಲ್ಲಿ ಎಮ್ಮೆ ನೋಡುವವರಂತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋದಳು.

ಚಲನಚಿತ್ರಗಳಿಗೆ ಇನ್ನೂ ಮಾತು ಬಂದಿರದ ಕಾಲ ಅದು. ಸರ್ಕಸ್ಸು ರೈಲಿನಲ್ಲಿ ಊರೂರು ಸುತ್ತುತ್ತಿತ್ತು. ಊರು ಬಂದೊಡನೆ ಬೋಗಿಗಳನ್ನು ಪಕ್ಕದ ಹಳಿಗೆ ತಳ್ಳಿ, ಬಯಲಿನಲ್ಲಿ ಡೇರೆ ಎಬ್ಬಿಸುತ್ತಿದ್ದರು. ಉಡುಪುಗಳಿಗೆಂದು ಕಿಟಕಿಯಿಲ್ಲದ ಒಂದು ಹಳೆಯ ಗೂಡ್ಸ್ ಬೋಗಿ. ಹಗಲು ಹನ್ನೆರಡಕ್ಕೂ ಅದರೊಳಗೆ ದೀಪ ಬೇಕು. ಹೊಲಿಗೆಯವಳಿಗೆ ಕತ್ತಲೆಯ ಭಯವಿರಲಿಲ್ಲ. ಹದಿನೈದು ವರ್ಷ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕೂತು, ರಕ್ತ ಕೀವು ಅಂಟಿದ ಹಾಸುಬಟ್ಟೆಗಳಿಗೆ ತೇಪೆ ಹಾಕಿದವಳು, ಹೆಣ ಸುತ್ತುವ ಬಟ್ಟೆಗೆ ಅಂಚು ಹೊಲಿದವಳು. ಗಂಡ ಸತ್ತಾಗ ಅವನ ಬಟ್ಟೆಯ ಅಂಚನ್ನೂ ಅವಳೇ ಹೊಲಿದಿದ್ದಳು. ದೆವ್ವವೆಂಬುದು ಇದ್ದಿದ್ದರೆ ಆ ನೆಲಮಾಳಿಗೆ ಬಿಟ್ಟು ಇಲ್ಲಿಗೇಕೆ ಬರುತ್ತಿತ್ತು? ಅವಳಿಗೆ ಆಗದಿದ್ದುದು ಒಂದೇ, ಕೊಳಕು.

ನೀಲಿ ಅಂಗಿ ಬೋಗಿಯ ಕೊನೆಯಲ್ಲಿ, ಉಳಿದ ಬಟ್ಟೆಗಳಿಂದ ದೂರ, ಒಂಟಿ ಮೊಳೆಗೆ ನೇತಾಡುತ್ತಿತ್ತು. ಉಯ್ಯಾಲೆಯಾಟದವರು ತೊಡುವ, ಮೈಗೆ ಅಂಟಿ ಕೂರುವ ಸ್ಯಾಟಿನ್ ಅಂಗಿ. ಎದೆಯ ಮೇಲೆ ಕಪ್ಪಿಟ್ಟ ಚಮಕಿ. ಮುಟ್ಟಿದರೆ ಒದ್ದೆ. ಅದರ ಕೆಳಗಿನ ಹಲಗೆ ನೆನೆದು ಕೊಳೆತು ಮೆತ್ತಗಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ನಾತ ಹೇಳತೀರದು. ಬೆವರು ಹುಳಿತು, ಹಳಸಿ, ಅದರ ಮೇಲೆ ಮತ್ತೆ ಬೆವರು ಕೂತು ಕೊಳೆತ ನಾತ. ಅದು ಮೂಗಿಗೆ ತಾಗುವ ಮುನ್ನ ನಾಲಿಗೆಗೆ ತಾಗುತ್ತಿತ್ತು.

ಅದನ್ನು ತೊಡುತ್ತಿದ್ದವಳು ಯಜಮಾನನ ಮಗಳು. ಹದಿನೇಳರ ಹುಡುಗಿ. ಹಗುರಾಗಿ ಹಾರುತ್ತಾಳೆಂದು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಎರಡನೆಯ ದಿನ ಅಳತೆ ಕೊಡಲು ಬಂದು ಅವಳು ಬೆನ್ನು ತಿರುಗಿಸಿದಾಗ ಹೊಲಿಗೆಯವಳ ಕೈಯಿಂದ ಟೇಪು ಜಾರಿತು.

ಇಡೀ ಬೆನ್ನು ನೀರಲ್ಲಿ ನೆನೆದ ಬೆರಳಿನಂತೆ ಬೆಳ್ಳಗೆ ಮುದುಡಿತ್ತು. ಸೊಂಟದ ಬಳಿ ಚರ್ಮ ಬಿಟ್ಟುಕೊಂಡು, ಕಾಸಿದ ಹಾಲಿನ ಕೆನೆಯಂತೆ ಮಡಿಕೆಮಡಿಕೆಯಾಗಿ ನಿಂತಿತ್ತು. ಮಡಿಕೆಗಳ ಸಂದಿನಲ್ಲಿ ಹಳದಿ ಲೋಳೆ.

“ಎಷ್ಟು ದಿನದಿಂದ ಹೀಗೆ?”

“ಒಂದು ವರ್ಷ ಆಯ್ತು ಚಿಕ್ಕಮ್ಮಾ. ಮೊದಲು ನಮ್ಮಕ್ಕ ಹಾಕ್ಕೋತಿದ್ಲು. ನಾಲ್ಕು ವರ್ಷ.” ಗುಬ್ಬಿ ಗೋಡೆ ನೋಡುತ್ತ ಹೇಳಿದಳು. “ಸತ್ತ ದಿನ ಅವಳನ್ನ ಎತ್ತೋಕೆ ಹೋದ್ರು. ಬೆನ್ನು ಹಾಸಿಗೆಗೇ ಅಂಟ್ಕೊಂಡು ಉಳೀತು.”

ಹೊಲಿಗೆಯವಳು ಬಗ್ಗಿ ಟೇಪು ಎತ್ತಿಕೊಂಡಳು. “ಹಾಕ್ಕೊಳ್ಳಲ್ಲ ಅಂತ ಹೇಳೋಕೇನು ರೋಗ?”

“ಒಂದು ದಿನ ಹಾಕ್ಕೊಳ್ಳಲಿಲ್ಲ. ಬ್ಯಾಂಡು ಶುರುವಾಗಿದ್ದೇ ತಡ, ಅಜ್ಜಿ ಬಾಯಿಂದ, ಮೂಗಿಂದ ನೀರು. ಉಪ್ಪುನೀರು. ಒಣ ನೆಲದ ಮೇಲೆ ಮುಳುಗಿ ಸಾಯ್ತಿದ್ರು. ಅಪ್ಪ ನನ್ನ ಕಾಲಿಗೆ ಬಿದ್ದ. ಹೆತ್ತ ತಾಯಿ ಅಲ್ವಾ ಅವನಿಗೆ? ಬ್ಯಾಂಡು ಬಾರಿಸೋ ಹೊತ್ತಿಗೆ ಅಂಗಿ ಯಾರದಾದ್ರೂ ಬಿಸಿ ಮೈ ಮೇಲೆ ಇರಬೇಕಂತೆ.”

“ನಿಂಗೆ ಚರ್ಮರೋಗ, ನಿಮ್ಮಜ್ಜಿಗೆ ಎದೆಯಲ್ಲಿ ನೀರು. ಎರಡೂ ನಾನು ಕಂಡಿರೋ ಕಾಯಿಲೆಗಳೇ. ಈ ಅಂಗಿಗೆ ಬೇಕಾಗಿರೋದು ಒಂದು ಹಂಡೆ ಕುದಿಯೋ ನೀರು.”

ಮರುದಿನ ಬೆಳಗ್ಗೆ ಬೋಗಿಯ ಹಿಂದೆ ಒಲೆ ಹೂಡಿ, ನೀರಿಗೆ ಸೋಡ ಸುರಿದು, ಅಂಗಿಯನ್ನು ಕೋಲಿನಿಂದ ಅದುಮಿದಳು. ಕುದಿ ಬಂದಂತೆ ನೀರು ಮಂದವಾಯಿತು. ಮೇಲೆ ಜಿಡ್ಡಿನ ಕೆನೆ ಕಟ್ಟಿತು. ಕೆನೆಯೊಳಗಿಂದ ಉದ್ದನೆಯ ಕಪ್ಪು ಕೂದಲುಗಳು ಎದ್ದು ಕೋಲಿಗೆ ಸುತ್ತಿಕೊಂಡವು. ಗುಬ್ಬಿಯ ಕೂದಲು ಕೆಂಚು, ಅದೂ ಕತ್ತಿನವರೆಗೆ ಮಾತ್ರ. ಮೂರು ಸಲ ನೀರು ಬದಲಿಸಿದಳು. ಮೂರು ಸಲವೂ ಅದೇ. ಕೊನೆಗೆ ಹಿಂಡಿ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದಳು. ಚೊಯ್ ಎಂದು ಹಬೆ ಎದ್ದು ಮುಖಕ್ಕೆ ಹೊಡೆಯಿತು. ತುಟಿಯ ಮೇಲೆ ಒಂದು ಹನಿ ಕೂತಿತು. ಅರಿವಿಲ್ಲದೆ ನೆಕ್ಕಿಬಿಟ್ಟಳು.

ಉಪ್ಪು. ಬೆಚ್ಚಗಿನ ಉಪ್ಪು. ಆಗತಾನೇ ಯಾರದೋ ಕಂಕುಳಿಂದ ಇಳಿದು ಬಂದಂಥದ್ದು.

ಅವಳು ಉಗಿದಳು. ಮತ್ತೆ ಉಗಿದಳು. ಬೂದಿ ತೆಗೆದು ನಾಲಿಗೆಯನ್ನು ರಕ್ತ ಬರುವಂತೆ ತಿಕ್ಕಿಕೊಂಡಳು. ತಲೆಯೆತ್ತಿದರೆ ದೊಡ್ಡಮ್ಮ ಹಳಿಯ ಆಚೆ ನಿಂತಿದ್ದಳು.

“ಬೇಡ ಅಂದಿದ್ದೆ,” ಎಂದಳು. ದನಿಯಲ್ಲಿ ಗದರಿಕೆಯಿರಲಿಲ್ಲ. “ಹೋಗ್ಲಿ. ಹೊಲಿಗೆ ಮಾತ್ರ ಬಿಚ್ಚಬೇಡಮ್ಮ.”

ಅಂದು ಸಂಜೆ ಆಟ ಮುಗಿಸಿ ಬಂದ ಗುಬ್ಬಿಯ ಮೈಯಿಂದ ಅಂಗಿ ಕಳಚುವಾಗ, ಒಳಗಿನ ಅಸ್ತರಿಗೆ ಅಂಟಿಕೊಂಡು ಅಂಗೈಯಗಲದ ಚರ್ಮವೂ ಬಂತು. ಹುಡುಗಿ ಕಿರುಚಲಿಲ್ಲ. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡು ನಿಂತಳು. ಹೊಲಿಗೆಯವಳು ಅಸ್ತರನ್ನು ದೀಪಕ್ಕೆ ಹಿಡಿದಳು. ಅಂಟಿದ ಚರ್ಮ ನಿಧಾನವಾಗಿ ತೆಳುವಾಗುತ್ತ, ಕರಗುತ್ತ, ಬಟ್ಟೆಯೊಳಕ್ಕೆ ಇಂಗಿಹೋಯಿತು. ಬಟ್ಟೆ ಅದನ್ನು ಚೀಪುತ್ತಿತ್ತು. ಬೆನ್ನಿನ ನಡುವೆ, ಸ್ಯಾಟಿನ್ನಿಗೂ ಅಸ್ತರಿಗೂ ಮಧ್ಯೆ, ಬೆರಳಿಗೆ ಏನೋ ಗಂಟು ಸಿಕ್ಕಿತು.

ಅದು ರೋಗವಲ್ಲವೆಂದು ಆಗ ಅವಳಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಹೆದರಿಕೆಗಿಂತ ಹೇಸಿಗೆಯೇ ಹೆಚ್ಚಾಯಿತು. ಮೈಮೇಲೆ ಜಿಗಣೆ ಕಂಡವರು ಶಾಸ್ತ್ರ ಕೇಳುತ್ತ ಕೂರುತ್ತಾರೆಯೆ?

ಮಾರನೆಯ ಮಧ್ಯಾಹ್ನದೊಳಗೆ ಒಂದು ಬಿಳಿ ಅಂಗಿ ಹೊಲಿದು ಮುಗಿಸಿದಳು. ಹತ್ತಿ ಬಟ್ಟೆ, ಸಡಿಲ ಬೆನ್ನು. “ಇವತ್ತು ಮಧ್ಯಾಹ್ನದ ಆಟಕ್ಕೆ ಇದನ್ನ ಹಾಕ್ಕೊಂಡು ಹತ್ತು. ಉಳಿದದ್ದು ನಂಗಿರಲಿ,” ಎಂದು ಗುಬ್ಬಿಯನ್ನು ಡೇರೆಗೆ ಕಳಿಸಿದಳು. ಬೋಗಿಯ ಬಾಗಿಲು ಎಳೆದುಕೊಂಡು, ನೀಲಿ ಅಂಗಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಬೆನ್ನಿನ ಹೊಲಿಗೆಗೆ ಬ್ಲೇಡು ಇಟ್ಟಳು.

ಮೊದಲ ದಾರ ತುಂಡಾದಾಗ ನಿಟ್ಟುಸಿರು ಕೇಳಿಸಿತು. ಬಟ್ಟೆಯದೇ. ಎರಡನೆಯ ದಾರ. ಮೂರನೆಯದು. ಸೀಳಿನಿಂದ ಬೆಚ್ಚಗಿನ ನೀರು ಉಕ್ಕಿ ಮೇಜಿನಂಚಿನಿಂದ ಅವಳ ಮಡಿಲಿಗೆ ಸುರಿಯಿತು. ಉಸಿರು ಬಿಗಿಹಿಡಿದು ಎರಡು ಬೆರಳು ತೂರಿಸಿದಳು. ಒಳಗೆ ಬಾಯಿಯೊಳಗಿದ್ದಂತೆ ಬಿಸಿ, ಲೋಳೆ. ಗಂಟು ಬೆರಳಿಗೆ ಸಿಕ್ಕಿತು. ಎಳೆದಳು. ಬರಲೊಲ್ಲೆ ಎಂಬಂತೆ ಅದೂ ಒಳಗೆ ಎಳೆಯಿತು. ಕೊನೆಗೆ ಪಚಕ್ಕನೆ ಕಿತ್ತು ಬಂತು.

ಅಡಿಕೆಗಾತ್ರದ ಬಟ್ಟೆಯ ಪೊಟ್ಟಣ. ಒಳಗೆ ಹಳದಿ ಕೊಬ್ಬಿನ ಮುದ್ದೆ. ಅದರಲ್ಲಿ ಹೂತ ಉಗುರುಗಳು, ಕಪ್ಪು ಕೂದಲಿನ ಸುರುಳಿ, ಎರೆಹುಳದಂತೆ ಸುರುಟಿದ ಒಂದು ತುಂಡು. ಮಗುವಿನ ಹೊಕ್ಕುಳಬಳ್ಳಿ. ಅದು ಇನ್ನೂ ಮಿಡಿಯುತ್ತಿತ್ತು.

ಅವಳು ಮೇಜಿನ ಕಾಲಿಗೇ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು ಪೊಟ್ಟಣದ ಅಂಚು ನೋಡಿದಳು. ಹೊಲಿಗೆ ಎಡಕ್ಕೆ ವಾಲಿತ್ತು.

ಬಾಗಿಲು ಸರಿಯಿತು. ದೊಡ್ಡಮ್ಮ ಒಳಗೆ ಬಂದು ಬಾಗಿಲನ್ನು ಹಾಗೇ ಮುಚ್ಚಿದಳು.

“ಇದನ್ನ ಹೊಲಿದೋರು ನೀವು,” ಎಂದಳು ಹೊಲಿಗೆಯವಳು.

“ನಾನೇ. ಆಗ ನೀನು ಕೂತ ಜಾಗದಲ್ಲಿ ನಾನು ಕೂರ್ತಿದ್ದೆ. ಆಗಿನ ಯಜಮಾನ್ರ ಹೆಂಡತಿ ಉಯ್ಯಾಲೆ ಆಡೋಳು. ಹೆರಿಗೆ ಆಗಿ ಮೂರು ತಿಂಗಳಿಗೆ ಮತ್ತೆ ಹತ್ತಬೇಕು ಅಂದ್ಲು. ಅಂಗಿ ಬಿಗಿ ಆಗುತ್ತೆ, ಸಡಿಲ ಮಾಡ್ಕೊಡು ಅಂತ ನನ್ನ ಕೈಗೇ ಕೊಟ್ಲು. ಸಡಿಲ ಮಾಡ್ದೆ. ಇದನ್ನೂ ಇಟ್ಟು ಹೊಲಿದೆ. ಮೇಲಕ್ಕೆ ಹೋದ್ಲು, ಕೈ ಬೆವರ್ತು, ಜಾರಿದ್ಲು.” ಮುದುಕಿ ಮೂಗು ಒರೆಸಿಕೊಂಡಳು. “ಮಣ್ಣಲ್ಲಿ ಬಿದ್ಕೊಂಡು ನನ್ನನ್ನೇ ನೋಡಿದ್ಲು. ಈ ಬೆವರು ಆರದೇ ಇರಲಿ, ಹೊಲಿದೋಳ ಉಸಿರು ಕಟ್ಟಲಿ ಅಂದ್ಲು. ಹೇಗೆ ಗೊತ್ತಾಯ್ತೋ.”

“ಆ ಮಗು?”

“ನನ್ನ ಮಡಿಲಿಗೆ ಬಂತು. ಅದರಪ್ಪನೂ ಬಂದ. ನನ್ನ ಮಗ, ನನ್ನ ಮಗ ಅಂತೀನಲ್ಲ, ಅವನು ಅವಳ ಮಗ.”

“ಅಂದ್ರೆ ಗುಬ್ಬಿ ಅವಳ ಮೊಮ್ಮಗಳು! ಸ್ವಂತ ಅಜ್ಜಿ ಬೆವರಲ್ಲಿ ಆ ಹುಡುಗಿ ಕೊಳೀತಾ ಇದ್ಲಾ?”

“ಮೂವತ್ತನಾಲ್ಕು ವರ್ಷ ನನ್ನ ಬಟ್ಟೆ ಒಳಗೆ ನಾನೇ ಹಾಕ್ಕೊಂಡೆ. ನನ್ನ ಬೆನ್ನು ನೋಡ್ತೀಯಾ? ಸಾಕಾಯ್ತು. ಅವಳ ಶಾಪ, ಅವಳ ಸಂತಾನವೇ ಹೊರಲಿ ಅಂದ್ಕೊಂಡೆ.”

ದೊಡ್ಡಮ್ಮ ತನ್ನ ಎರಡೂ ಅಂಗೈಗಳನ್ನು ದೀಪದ ಬೆಳಕಿಗೆ ಚಾಚಿದಳು. ಒಣಗಿದ್ದವು. ಒಂದನ್ನೊಂದು ಉಜ್ಜಿ, ಆ ಸರಸರ ಸದ್ದು ಕೇಳಿ ಮಗುವಿನಂತೆ ನಕ್ಕಳು.

“ಹೊಲಿದ ಕೈ ಇದನ್ನ ಬಿಚ್ಚೋ ಹಾಗಿಲ್ಲ. ಹೇಳಿ ಬಿಚ್ಚಿಸೋ ಹಾಗೂ ಇಲ್ಲ. ಬೇಡ ಅಂತ ಹೇಳಿದ ಮೇಲೂ ಒಬ್ಬರು ತಾವಾಗಿ ಬಿಚ್ಚಬೇಕು. ಬಿಚ್ಚಿದೋರಿಗೆ ಆ ಶಾಪ. ಏಳು ಜನ ಹೊಲಿಗೆಯವರು ಬಂದು ಹೋದ್ರು ನೋಡು. ಏಳು ಜನಾನೂ ನನ್ನ ಮಾತು ಕೇಳಿದ್ರು! ವಿಧೇಯರು, ಹಾಳಾದೋರು.”

ಡೇರೆಯಲ್ಲಿ ಬ್ಯಾಂಡು ಶುರುವಾಯಿತು.

ಮೊದಲು ಹೊಲಿಗೆಯವಳ ಬೆರಳ ತುದಿಗಳು ಒದ್ದೆಯಾದವು. ಆಮೇಲೆ ಅಂಗೈ. ಹಣೆಯಿಂದ ಇಳಿದದ್ದು ಕಣ್ಣು ಉರಿಸಿತು. ಬಾಯಲ್ಲಿ ಉಪ್ಪು. ನುಂಗಿದಳು. ಮತ್ತೆ ಉಪ್ಪು. ನುಂಗಿದಷ್ಟೂ ತುಂಬಿತು. ಮೂಗಿನ ಹಿಂದಿನಿಂದ ಬಿಸಿಯಾಗಿ ಸುರಿಯಿತು. ಸತ್ತವಳ ಬೆವರು. ನಲವತ್ತು ವರ್ಷದ ಬೆವರು. ಎದೆಗೆ ಇಳಿಯಿತು. ಕೆಮ್ಮಿದಳು, ನೀರು ಚಿಮ್ಮಿತು. ಉಸಿರು ಎಳೆದಳು, ನೀರೇ ಬಂತು. ಮಂಡಿಯೂರಿದಳು. ದೀಪ ಎರಡಾಯಿತು, ನಾಲ್ಕಾಯಿತು.

ಹೊಲಿದೋಳ ಉಸಿರು ಕಟ್ಟಲಿ. ಹೊಲಿದೋಳ. ಅದು ಹೊಲಿದವಳ ಮೈಗೇ ಮರಳಬೇಕು.

ಮುದುಕಿ ಬಾಗಿಲಿಗೆ ಕೈಯಿಟ್ಟಿದ್ದಳು. ಹೊಲಿಗೆಯವಳು ಅವಳ ಕಾಲು ಎಳೆದು ಕೆಡವಿದಳು. ಬೋರಲು ಬಿದ್ದವಳ ಬೆನ್ನ ಮೇಲೆ ಮಂಡಿಯೂರಿದಳು. ಮೇಜಿನ ಮೇಲೆ ದಾರ ಪೋಣಿಸಿದ ದಪ್ಪ ಸೂಜಿಯಿತ್ತು. ಪೊಟ್ಟಣವನ್ನು ಮುದುಕಿಯ ಬೆನ್ನಿಗಿಟ್ಟು ಚುಚ್ಚಿದಳು. ಬಟ್ಟೆ ದಾಟಿತು. ಚರ್ಮ ದಾಟಿತು. ಆ ಬೆನ್ನಿನಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ, ಸೂಜಿ ನೆನೆದ ರೊಟ್ಟಿಯಲ್ಲಿ ಇಳಿದಂತೆ ಇಳಿಯಿತು. ಎಳೆದಳು. ಮತ್ತೊಂದು. ಮುದುಕಿ ಅರಚಿದಳು. ಮತ್ತೊಂದು. ಕಣ್ಣು ಕಾಣುತ್ತಿರಲಿಲ್ಲ, ಕೈ ತನ್ನ ಪಾಡಿಗೆ ಹೊಲಿಯುತ್ತಿತ್ತು. ನಾಲ್ಕು. ಐದು. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು.

ಉಸಿರು ಬಂತು.

ಅವಳ ಕೆಳಗೆ ಮುದುಕಿಯ ಮೈ ಉಬ್ಬಿತು. ಬಾಯಿಂದ ನೀರು ಹಲಗೆಯ ಮೇಲೆ ಹರಿಯತೊಡಗಿತು, ನಿಲ್ಲಲಿಲ್ಲ. ಮುಖ ಒಂದು ಪಕ್ಕಕ್ಕೆ ತಿರುಗಿತು. ನೀರಿನ ಗುಳುಗುಳು ಸದ್ದಿನ ನಡುವೆ ಕೆಲವೇ ಮಾತು ಹೊರಬಿದ್ದವು.

“ಈಗ... ನೀನೂ... ಹೊಲಿದೋಳೇ ಅಲ್ವೇನೇ.”

ಆಮೇಲೆ ಬರೀ ನೀರು.

ಡೇರೆಯಲ್ಲಿ ಚಪ್ಪಾಳೆ ಎದ್ದಿತು, ಬಹಳ ಹೊತ್ತು ಇಳಿಯಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಬೋಗಿಯ ಬಾಗಿಲು ಧಡಾರನೆ ತೆರೆಯಿತು. ಬಿಳಿ ಅಂಗಿಯ ಗುಬ್ಬಿ ಬಿಸಿಲಲ್ಲಿ ನಿಂತಿದ್ದಳು. ಮುಖದಲ್ಲಿ ಕಳೆ ತುಂಬಿ ತುಳುಕುತ್ತಿತ್ತು.

“ಚಿಕ್ಕಮ್ಮಾ! ಬೆನ್ನು ಒಣಗಿದೆ! ಮೇಲೆ ಗಾಳಿ ತಾಗ್ತು, ಬೆನ್ನಿಗೆ ಗಾಳಿ...”

ನೆಲದ ಮೇಲಿನ ಅಜ್ಜಿಯನ್ನು ಕಂಡು ಮಾತು ನಿಂತಿತು. ಅಳು ಬರಲಿಲ್ಲ. ಹೆಣವನ್ನು ದಾಟಿ, ಎರಡೂ ಕೈ ಚಾಚಿ, ಹೊಲಿಗೆಯವಳ ಕಡೆಗೇ ಓಡಿಬಂದಳು. ಮಕ್ಕಳಿಲ್ಲದ ಆ ಹೆಂಗಸು ಗೋಡೆಗೆ ಒರಗಿ ಕೂತಲ್ಲಿಂದಲೇ ತೋಳು ತೆರೆದಳು. ಇಷ್ಟು ವರ್ಷ ಯಾರೂ ಹೀಗೆ ಅವಳೆಡೆಗೆ ಓಡಿ ಬಂದಿರಲಿಲ್ಲ.

ಎರಡು ಮಾರು ದೂರದಲ್ಲಿ ಹುಡುಗಿ ಗಕ್ಕನೆ ನಿಂತಳು. ಅವಳ ಮೂಗು ಅರಳಿತು. ನೀಲಿ ಅಂಗಿಯ ನಾತ ಈಗ ಹೊಲಿಗೆಯವಳ ಮೈಯಿಂದಲೇ ಬರುತ್ತಿತ್ತು. ಕೈಯಿಂದ ಬಾಯಿ ಮುಚ್ಚಿಕೊಂಡು, “ಕ್ಷಮಿಸಿ ಚಿಕ್ಕಮ್ಮಾ,” ಎಂದು ತೊದಲುತ್ತ ಹಿಂದೆ ಹಿಂದೆ ಸರಿದು, ಬಾಗಿಲ ಮೆಟ್ಟಿಲ ಮೇಲೆ ಬಗ್ಗಿ ವಾಂತಿ ಮಾಡಿಕೊಂಡಳು.